12345654321: ಗಣಿತಸಾರಸಂಗ್ರಹದ ಒಂದು ಸಂಖ್ಯೆಯನ್ನು ಬಿಚ್ಚಿ ನೋಡಿದಾಗ

ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಬರೆದದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ. ಆಗಿನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದಲ್ಲಿ ಗುಣಾಕಾರ ಹೇಳಿಕೊಡುವ ಭಾಗಕ್ಕೆ ಬಂದರೆ ಕೆಲವು ಲೆಕ್ಕಗಳ ಉತ್ತರ ಹಾರದ ಮಣಿಗಳ ಹಾಗೆ ಎರಡೂ ಕಡೆಯಿಂದ ಒಂದೇ ಥರ ಕಾಣುತ್ತದೆ. 152207 × 73 = 11111111. 142857143 × 7 = 1000000001. 12345679 × 9 = 111111111. ಇವುಗಳ ನಡುವೆ ಒಂದು ಲೆಕ್ಕ ಹೀಗಿದೆ:

27994681 × 441 = 12345654321

ಒಂದರಿಂದ ಶುರುವಾಗಿ ಆರರವರೆಗೆ ಏರಿ, ಮತ್ತೆ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ಮಹಾವೀರರು ಇದನ್ನು ಬಣ್ಣಿಸುತ್ತಾರೆ. ನಮ್ಮ ಎಣಿಕೆಯಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ನೋಡಲು ಚೆಂದ ಎಂದು ಹೇಳಿ ಮುಂದೆ ಹೋಗಿಬಿಡುವ ಸಂಖ್ಯೆ ಇದಲ್ಲ. ಇದರ ಅಂಕಿಗಳ ಅಂದಕ್ಕೂ ಅಪವರ್ತನಗಳಿಗೂ ಇದರಿಂದ ಬರುವ ದಶಮಾಂಶಕ್ಕೂ ಕಾರಣ ಒಂದೇ. ಆ ಕಾರಣವನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಕಾಗದ, ಪೆನ್ಸಿಲ್ಲಿನಲ್ಲೇ ಬಿಡಿಸಿಕೊಳ್ಳುತ್ತದೆ.

ಮೊದಲು ಅಪವರ್ತನ. ಹನ್ನೊಂದು ಅಂಕಿಯ ಸಂಖ್ಯೆ ಎಂದು ಹೆದರಬೇಕಿಲ್ಲ, ಮೂರು ಪರೀಕ್ಷೆ ಸಾಕು. ಅಂಕಿಗಳನ್ನು ಕೂಡಿಸಿದರೆ 36, ಹಾಗಾಗಿ 9ರಿಂದ ಭಾಗವಾಗುತ್ತದೆ. ಆಮೇಲೆ ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ:

12 | 345 | 654 | 321

ಬಲದಿಂದ ಒಂದು ಬಿಟ್ಟು ಒಂದನ್ನು ಕೂಡಿಸಿ, ಕಳೆಯುತ್ತ ಹೋಗಿ: 321 − 654 + 345 − 12 = 0. ಇದು 1001ರ ಪರೀಕ್ಷೆ. 1001 = 7 × 11 × 13 ಆದ್ದರಿಂದ ಸೊನ್ನೆ ಬಂದರೆ ಆ ಮೂರರಿಂದಲೂ ಒಟ್ಟಿಗೇ ಭಾಗವಾಯಿತು. ಅದೇ ತುಂಡುಗಳನ್ನು ಕಳೆಯದೆ ಬರೀ ಕೂಡಿಸಿದರೆ 321 + 654 + 345 + 12 = 1332. ಇದನ್ನು ಮತ್ತೆ 1 | 332 ಎಂದು ಕತ್ತರಿಸಿ ಕೂಡಿಸಿದರೆ 333, ಅಂದರೆ 9 × 37. 999 = 27 × 37 ಆಗಿರುವುದರಿಂದ ಇದು 37ರ ಪರೀಕ್ಷೆ.

ಇಲ್ಲಿ ತಪ್ಪುವ ಜಾಗ ಒಂದಿದೆ. ನಾವು ಅಲ್ಪವಿರಾಮ ಹಾಕುವುದು ಲಕ್ಷ, ಕೋಟಿಯ ಲೆಕ್ಕದಲ್ಲಿ: 12,34,56,54,321. ಆ ತುಂಡುಗಳನ್ನೇ ತೆಗೆದುಕೊಂಡು ಕೂಡಿ ಕಳೆದರೆ 321 − 54 + 56 − 34 + 12 = 301 ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. 1001ಕ್ಕೂ 999ಕ್ಕೂ ಪ್ರತಿ ತುಂಡೂ ಮೂರಂಕಿಯದೇ ಆಗಿರಬೇಕು. 301 = 7 × 43 ಆದ್ದರಿಂದ, ತಪ್ಪಾಗಿ ಕತ್ತರಿಸಿದವರಿಗೂ 7ರಿಂದ ಭಾಗವಾಗುತ್ತದೆ ಎಂಬ ಉತ್ತರ ಸಿಕ್ಕಿಬಿಡುತ್ತದೆ, 11 ಮತ್ತು 13 ಮಾತ್ರ ಕೈತಪ್ಪುತ್ತವೆ. ಅರ್ಧ ಸರಿ ಉತ್ತರ ಕೊಡುವ ತಪ್ಪು ಪೂರ್ತಿ ತಪ್ಪಿಗಿಂತ ಅಪಾಯ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಈ ಪರೀಕ್ಷೆಗಳು ‘ಭಾಗವಾಗುತ್ತದೆ’ ಎಂದಷ್ಟೇ ಹೇಳುತ್ತವೆ, ಎಷ್ಟು ಸಲ ಎಂದು ಹೇಳುವುದಿಲ್ಲ. ಅದಕ್ಕೆ ಭಾಗಿಸಿಯೇ ನೋಡಬೇಕು:

12345654321 ÷ 9 = 1371739369
1371739369 ÷ 7 = 195962767
195962767 ÷ 7 = 27994681
27994681 ÷ 11 = 2544971
2544971 ÷ 11 = 231361
231361 ÷ 13 = 17797
17797 ÷ 13 = 1369 = 37 × 37

ಮೂರನೆಯ ಸಾಲಿನಲ್ಲಿ ಬಂದು ನಿಂತದ್ದು ಮಹಾವೀರರ 27994681! 3² ಮತ್ತು 7² ಹೊರಗೆ ಬಂದರೆ 441, ಒಳಗೆ ಉಳಿದದ್ದು 11² × 13² × 37², ಅಂದರೆ 5291ರ ವರ್ಗ. ಒಟ್ಟಿನಲ್ಲಿ

12345654321 = 3² × 7² × 11² × 13² × 37² = 111111²

27994681ಕ್ಕೂ 441ಕ್ಕೂ ಮೇಲ್ನೋಟಕ್ಕೆ ಯಾವ ಚೆಂದವೂ ಇಲ್ಲ, ಎರಡೂ ಪೂರ್ಣ ವರ್ಗ ಎಂಬುದು ಸುಲಭವಾಗಿ ಹೊಳೆಯುವುದೂ ಇಲ್ಲ. ಇಂಥ ಜೋಡಿ ಆಕಸ್ಮಿಕವಾಗಿ ಸಿಗುವಂಥದ್ದಲ್ಲ. ಉತ್ತರವನ್ನು ಮೊದಲು ಇಟ್ಟುಕೊಂಡು, ಅದನ್ನು ಅಪವರ್ತಿಸಿ, ಆ ಅಪವರ್ತನಗಳನ್ನು ಎರಡು ಗುಂಪು ಮಾಡಿ ಲೆಕ್ಕ ಕಟ್ಟಿದ್ದಾರೆ ಎಂದೇ ನನಗನ್ನಿಸುವುದು. ಗುಣಕವನ್ನು ಒಡೆದು ಗುಣಿಸುವ ದಾರಿಯನ್ನೂ ಮಹಾವೀರರು ಹೇಳುತ್ತಾರೆ. ಆ ದಾರಿಗೆ 441 ಹೇಳಿ ಮಾಡಿಸಿದ ಹಾಗಿದೆ: 21ರಿಂದ ಎರಡು ಸಲ ಗುಣಿಸಿದರೆ ಆಯಿತು. 27994681 × 21 = 587888301, ಅದಕ್ಕೆ ಮತ್ತೆ 21 ಗುಣಿಸಿದರೆ 12345654321. ಮಧ್ಯದ 587888301 ಎಂಬುದು 5291 × 111111. ಮೂರಂಕಿಯ ಗುಣಕ ಇಟ್ಟುಕೊಂಡು ಮಾಡುವುದಕ್ಕಿಂತ ಇದು ಎಷ್ಟೋ ಸಲೀಸು, ಪ್ರತಿ ಹಂತದಲ್ಲೂ ಇಪ್ಪತ್ತರ ಮಗ್ಗಿಗೆ ಒಂದು ಸಲ ಮೂಲವನ್ನೇ ಕೂಡಿಸಿದರೆ ಮುಗಿಯಿತು.

ವರ್ಗಮೂಲವನ್ನು ನೇರವಾಗಿಯೂ ತೆಗೆಯಬಹುದು. ಈಗ ಬಲದಿಂದ ಎರಡೆರಡು ಅಂಕಿ ಕತ್ತರಿಸಬೇಕು: 1 | 23 | 45 | 65 | 43 | 21. ಆರು ತುಂಡು, ಹಾಗಾಗಿ ಮೂಲಕ್ಕೆ ಆರು ಅಂಕಿ. ಮೊದಲ ತುಂಡು 1, ಮೂಲ 1, ಶೇಷ 0. 23 ಇಳಿಸಿ, ಮೂಲದ ಎರಡರಷ್ಟಾದ 2ರ ಪಕ್ಕ 1 ಬರೆದು 21 ಕಳೆದರೆ ಶೇಷ 2. 45 ಇಳಿಸಿದರೆ 245, ಅದರಲ್ಲಿ 221 ಕಳೆದರೆ 24. 65 ಇಳಿಸಿದರೆ 2465, 2221 ಕಳೆದರೆ 244. 43 ಇಳಿಸಿದರೆ 24443, 22221 ಕಳೆದರೆ 2222. ಕೊನೆಗೆ 21 ಇಳಿಸಿದರೆ 222221, ಕಳೆಯಬೇಕಾದದ್ದೂ 222221. ಶೇಷ ಸೊನ್ನೆ. ಪ್ರತಿ ಹಂತದಲ್ಲೂ ಮೂಲಕ್ಕೆ ಸೇರುವ ಅಂಕಿ 1 ಒಂದೇ. ವರ್ಗಮೂಲ ತೆಗೆಯುವುದನ್ನು ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾವ ಅಂಕಿ ಹಾಕಲಿ ಎಂಬ ಊಹೆಯ ಗೊಂದಲ ಇಲ್ಲದೆ ವಿಧಾನವಷ್ಟೇ ಕಣ್ಣ ಮುಂದೆ ನಿಲ್ಲುತ್ತದೆ.

ಏರಿ ಇಳಿಯುವ ಅಂಕಿಗಳು ಯಾಕೆ ಬಂದವು ಎಂಬುದಕ್ಕೆ 111111 × 111111ನ್ನು ಶಾಲೆಯ ರೀತಿಯಲ್ಲಿ ಬರೆದರೆ ಸಾಕು. ಒಂದರ ಕೆಳಗೊಂದು ಆರು ಸಾಲು, ಪ್ರತಿಯೊಂದೂ 111111, ಪ್ರತಿಯೊಂದೂ ಒಂದು ಮನೆ ಎಡಕ್ಕೆ ಸರಿದದ್ದು. ಕೂಡಿಸುವಾಗ ಬಲತುದಿಯ ಕಂಬಸಾಲಿನಲ್ಲಿ ಒಂದೇ 1, ಪಕ್ಕದ್ದರಲ್ಲಿ ಎರಡು, ಹೀಗೆ ನಡುವೆ ಆರು, ಆಮೇಲೆ ಇಳಿಮುಖ. ಯಾವ ಕಂಬಸಾಲಿನ ಮೊತ್ತವೂ 9 ದಾಟುವುದಿಲ್ಲ, ಕೈಯಲ್ಲಿ ದಶಕ ಉಳಿಯುವುದಿಲ್ಲ. ಈ ದಶಕರಹಿತ ಗುಣಾಕಾರವೇ ನಾನು ಮೊದಲು ಹೇಳಿದ ಕಾರಣ.

ಒಂದುಗಳ ಸಂಖ್ಯೆ ಒಂಬತ್ತಾಗುವವರೆಗೆ ಇದು ನಡೆಯುತ್ತದೆ: 111111111² = 12345678987654321. ಹತ್ತು ಒಂದುಗಳಿಗೆ ನಡುವಿನ ಕಂಬಸಾಲು 10 ಆಗುತ್ತದೆ. ಅಲ್ಲಿ 0 ಬರೆದು ದಶಕ ಎಡಕ್ಕೆ ಹೋಗುತ್ತದೆ, ಅಲ್ಲಿದ್ದ 9 ಕೂಡ 10 ಆಗಿ ಮತ್ತೊಂದು ದಶಕ ಹುಟ್ಟುತ್ತದೆ, ಅದರಾಚೆಯ 8 ಮಾತ್ರ 9 ಆಗಿ ನಿಲ್ಲುತ್ತದೆ. ಉತ್ತರ 1234567900987654321. ಬಲಭಾಗ ಹಾಗೇ ಇದೆ, ಎಡಭಾಗದಲ್ಲಿ 8 ಕಾಣೆಯಾಗಿದೆ. ಈ ಸಾಲಿನ ಸಂಖ್ಯೆಗಳನ್ನು 20ನೆಯ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡವರು ನಾಸಿಕದ ಹತ್ತಿರದ ದೇವಳಾಲಿಯ ಶಾಲಾ ಶಿಕ್ಷಕ ಡಿ. ಆರ್. ಕಾಪ್ರೇಕರ್. ಮುಂಬಯಿ ಬಳಿಯ ಒಂದು ರೈಲು ನಿಲ್ದಾಣದ ಹೆಸರಿನಿಂದ ಅವರು ಇವನ್ನು ಡೆಮ್ಲೊ ಸಂಖ್ಯೆಗಳು ಎಂದು ಕರೆದರು.

ದಶಕ ಬರುವುದಿಲ್ಲ ಎಂದಮೇಲೆ ನಾವು ಹತ್ತರ ಎಣಿಕೆಗೆ ಅಂಟಿಕೊಳ್ಳಬೇಕಾಗಿಯೂ ಇಲ್ಲ. ಎಣಿಕೆಯ ಆಧಾರ ಸಂಖ್ಯೆಯನ್ನು, ಅಂದರೆ ಒಂದು ಸ್ಥಾನ ಎಡಕ್ಕೆ ಸರಿದರೆ ಅಂಕಿಯ ಬೆಲೆ ಎಷ್ಟು ಪಟ್ಟಾಗುತ್ತದೆ ಎಂಬುದನ್ನು, ‘ಬ’ ಎಂದಿಟ್ಟುಕೊಳ್ಳಿ. ಆರು ಒಂದುಗಳು ಅಂದರೆ ಬ⁵ + ಬ⁴ + ಬ³ + ಬ² + ಬ + 1. 6 ಎಂಬ ಅಂಕಿ ಇರುವ ಯಾವುದೇ ಎಣಿಕೆಯಲ್ಲಿ, ಅಂದರೆ ಬ 7 ಅಥವಾ ಹೆಚ್ಚಿದ್ದರೆ, ಇದರ ವರ್ಗ ಬರೆಯುವಾಗ 12345654321 ಎಂದೇ ಬರುತ್ತದೆ. ಏಳರ ಎಣಿಕೆಯಲ್ಲಿ 111111 ಎಂದರೆ ನಮ್ಮ 19608, ಅದರ ವರ್ಗ 384473664. ಎಂಟರ ಎಣಿಕೆಯಲ್ಲಿ 37449, ಅದರ ವರ್ಗ 1402427601. ಬೆಲೆ ಬೇರೆ ಬೇರೆ, ಬರಹ ಒಂದೇ.

ಈ ಬಹುಪದೋಕ್ತಿ ಎಲ್ಲ ಎಣಿಕೆಯಲ್ಲೂ ಮೂರು ತುಂಡಾಗಿ ಒಡೆಯುತ್ತದೆ:

(ಬ + 1) × (ಬ² + ಬ + 1) × (ಬ² − ಬ + 1)

ಬ = 10 ಹಾಕಿದರೆ 11 × 111 × 91 = 111111. ಬ = 7 ಹಾಕಿದರೆ 8 × 57 × 43 = 19608. ಬ = 8ಕ್ಕೆ 9 × 73 × 57 = 37449. ನಮ್ಮ ಸಂಖ್ಯೆಯ 3 ಮತ್ತು 37 ಬಂದದ್ದು 111ರಿಂದ, 7 ಮತ್ತು 13 ಬಂದದ್ದು 91ರಿಂದ. 11, 111, 91 ಎಂಬ ಒಡಕು ಎಲ್ಲ ಎಣಿಕೆಗೂ ಸಲ್ಲುವಂಥದ್ದು. ಅದರಾಚೆ 111 = 3 × 37, 91 = 7 × 13 ಎಂಬುದು ಹತ್ತರ ಎಣಿಕೆಯ ಭಾಗ್ಯ. ಈ ಎರಡು ಮಟ್ಟಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಮುಂದಿನ ವಿಷಯಕ್ಕೆ ಬಹಳ ಮುಖ್ಯ.

ಎರಡು ದಾಳ ಎಸೆದಾಗ ಮೊತ್ತ 2 ಬರಲು ಒಂದೇ ದಾರಿ, 3ಕ್ಕೆ ಎರಡು, 4ಕ್ಕೆ ಮೂರು, 7ಕ್ಕೆ ಆರು, ಆಮೇಲೆ ಇಳಿಯುತ್ತ 12ಕ್ಕೆ ಒಂದು. ಬರೆದಿಟ್ಟರೆ 1, 2, 3, 4, 5, 6, 5, 4, 3, 2, 1. ಅದೇ ನಮ್ಮ ಸಂಖ್ಯೆ! ಅಂಕಿಗಳ ಮೊತ್ತ 36 ಆದದ್ದೂ ಅದಕ್ಕೇ, 6 × 6 ಸಾಧ್ಯತೆಗಳು. ಕಾಕತಾಳೀಯವೇನಲ್ಲ ಇದು. ದಾಳದ 1ರ ಮುಖವನ್ನು ಬಿಡಿ ಸ್ಥಾನಕ್ಕೆ, 2ರ ಮುಖವನ್ನು ಹತ್ತರ ಸ್ಥಾನಕ್ಕೆ, ಹೀಗೆ 6ರ ಮುಖವನ್ನು ಲಕ್ಷದ ಸ್ಥಾನಕ್ಕೆ ಕೊಟ್ಟರೆ ಪ್ರತಿ ಮುಖ ಒಂದೊಂದೇ ಇರುವ ದಾಳ ಎಂದರೆ 111111. ಗುಣಿಸಿದಾಗ ಸ್ಥಾನಗಳು ಕೂಡಿಕೊಳ್ಳುತ್ತವೆ, ದಾಳ ಎಸೆದಾಗ ಮುಖಗಳು ಕೂಡಿಕೊಳ್ಳುತ್ತವೆ. ಎರಡೂ ಒಂದೇ ಕೆಲಸ.

ಹಾಗಾದರೆ ಇದೇ 12345654321ನ್ನು ಬೇರೆ ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆದು, ಬೇರೆ ಥರದ ದಾಳಗಳಿಂದ ಅದೇ ಮೊತ್ತಗಳನ್ನು ಪಡೆಯಬಹುದೇ? ನಮ್ಮ ಕೈಯಲ್ಲಿರುವುದು ಎರಡು 11, ಎರಡು 111, ಎರಡು 91. ಪ್ರತಿ ದಾಳಕ್ಕೂ ಆರೇ ಮುಖ ಇರಬೇಕು. ಮುಖಗಳನ್ನು ಎಣಿಸಲು ಬಹುಪದೋಕ್ತಿಯಲ್ಲಿ ಬ = 1 ಹಾಕಬೇಕು. ಆಗ (ಬ + 1) ಎಂಬುದು 2, (ಬ² + ಬ + 1) ಎಂಬುದು 3, (ಬ² − ಬ + 1) ಎಂಬುದು 1. ಆರು ಆಗಬೇಕಾದರೆ ಪ್ರತಿ ದಾಳಕ್ಕೂ ಒಂದು 11, ಒಂದು 111 ಹೋಗಲೇಬೇಕು. 91 ಎಂಬುದು ಮುಖಗಳ ಲೆಕ್ಕವನ್ನು ಬದಲಿಸುವುದಿಲ್ಲವಾದ್ದರಿಂದ ಅದನ್ನು ಎಲ್ಲಿ ಬೇಕಾದರೂ ಇಡಬಹುದು. ಒಂದೊಂದು ಕಡೆ ಒಂದೊಂದು ಇಟ್ಟರೆ ಮಾಮೂಲಿ ದಾಳಗಳು. ಎರಡನ್ನೂ ಒಂದೇ ಕಡೆ ಇಟ್ಟರೆ:

11 × 111 = 1221
11 × 111 × 91 × 91 = 10111101
1221 × 10111101 = 12345654321

1221ನ್ನು ಬಲದಿಂದ ಓದಿ: 1 ಒಂದು ಸಲ, 2 ಎರಡು ಸಲ, 3 ಎರಡು ಸಲ, 4 ಒಂದು ಸಲ. ಅಂದರೆ ಮುಖಗಳು 1, 2, 2, 3, 3, 4. ಇನ್ನೊಂದನ್ನು ಬಲದಿಂದ ಓದಿದರೆ 1, 3, 4, 5, 6, 8. ಈ ಎರಡು ದಾಳಗಳನ್ನು ಎಸೆದರೆ ಪ್ರತಿ ಮೊತ್ತವೂ ಮಾಮೂಲಿ ದಾಳದಷ್ಟೇ ಸಲ ಬರುತ್ತದೆ. ಇದನ್ನು ಕಂಡುಹಿಡಿದವರು ಅಮೆರಿಕದ ಜಾರ್ಜ್ ಸಿಚರ್ಮನ್. 1978ರಲ್ಲಿ ಮಾರ್ಟಿನ್ ಗಾರ್ಡ್‌ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಇದು ಎಲ್ಲರಿಗೂ ಗೊತ್ತಾಯಿತು. ಮೇಲಿನ ಹಂಚಿಕೆಯಲ್ಲಿ ಬೇರೆ ದಾರಿ ಉಳಿದಿಲ್ಲ, ಆದ್ದರಿಂದ ಧನ ಪೂರ್ಣಾಂಕಗಳ ಆರು ಮುಖದ ದಾಳಗಳಲ್ಲಿ ಇದೊಂದೇ ಬದಲಿ ಜೋಡಿ.

ಎರಡು ಎಚ್ಚರಿಕೆ. ಅವಿಭಾಜ್ಯಗಳನ್ನು ಮನಸ್ಸಿಗೆ ಬಂದ ಹಾಗೆ ಹಂಚಿ, ಉದಾಹರಣೆಗೆ 1369 × 9018009 ಎಂದು ಬರೆದು, ಅದರಿಂದ ದಾಳ ಮಾಡಹೊರಟರೆ ಆಗುವುದಿಲ್ಲ. ಗುಣಲಬ್ಧ ಸರಿಯೇ, ಆದರೆ 37 ಹತ್ತರ ಎಣಿಕೆಯಲ್ಲಿ ಮಾತ್ರ ಹುಟ್ಟಿದ ಅಪವರ್ತನ. ಆ ಗುಣಾಕಾರದಲ್ಲಿ ದಶಕಗಳು ಓಡಾಡುತ್ತವೆ, ದಾಳಕ್ಕೆ ದಶಕ ಗೊತ್ತಿಲ್ಲ. ಇನ್ನೊಂದು, ಎರಡರಲ್ಲೂ ಒಂದೇ ಮುಖ ಬಿದ್ದರೆ ಮತ್ತೊಂದು ಸರದಿ ಎಂಬ ನಿಯಮವಿರುವ ಆಟಕ್ಕೆ ಈ ದಾಳ ಸಲ್ಲದು. ಮಾಮೂಲಿ ದಾಳಗಳಲ್ಲಿ 36ರಲ್ಲಿ 6 ಸಲ ಜೋಡಿ ಬರುತ್ತದೆ. ಇಲ್ಲಿ 1-1 ಒಂದು, 3-3 ಎರಡು, 4-4 ಒಂದು, ಒಟ್ಟು 4 ಮಾತ್ರ.

ಇನ್ನು ಭಿನ್ನರಾಶಿ. ನನಗೆ ಈ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. 1ನ್ನು 12345654321ರಿಂದ ಭಾಗಿಸಿ, ದಶಮಾಂಶವನ್ನು ಆರಾರು ಅಂಕಿಯಾಗಿ ಬಿಡಿಸಿ ಬರೆದರೆ:

0. 000000 000081 000162 000243 000324 000405 000486 …

81ರ ಮಗ್ಗಿ! ಕಾರಣ ಹೀಗೆ. 999999 = 9 × 111111. ಹಾಗಾಗಿ 1/111111² ಎಂದರೆ 81/999999². ಮತ್ತೆ 1/999999²ನ್ನು ಬಿಡಿಸಿದರೆ 000000, 000001, 000002, 000003 ಎಂದು ಎಣಿಕೆಯೇ ಬರುತ್ತದೆ. 1/9801 = 0.00 01 02 03 04… ಎಂಬುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ, ಅದು 99²ರ ಕಥೆ, ಇದು 999999²ರದ್ದು. 81ರಿಂದ ಗುಣಿಸಿದರೆ ಎಣಿಕೆ ಮಗ್ಗಿಯಾಗುತ್ತದೆ. ಕೈಗಣಕದಲ್ಲಿ ಇದು 8.1000162 × 10⁻¹¹ ಎಂದು ಕಾಣುವುದರಿಂದ ಅಷ್ಟು ಅಂಕಿಗಳಲ್ಲಿ ಮಗ್ಗಿಯ ಎರಡೇ ಮೆಟ್ಟಿಲು ಸಿಗುತ್ತದೆ, ಉಳಿದದ್ದನ್ನು ಕೈಯಲ್ಲೇ ಭಾಗಿಸಬೇಕು.

ಮಗ್ಗಿ ಎಲ್ಲಿ ಮುರಿಯುತ್ತದೆ? ಆರಂಕಿಯ ಜಾಗದಲ್ಲಿ 81ರ ಗುಣಿತಗಳು ಹಿಡಿಸುವವರೆಗೆ ಅದು ನಡೆಯುತ್ತದೆ. 81 × 12345 = 999945, ಮುಂದಿನದು 81 × 12346 = 1000026. ಏಳಂಕಿಯಾಗಿ ಹೊರಚೆಲ್ಲಿದ 1 ಹಿಂದಿನ ತುಂಡಿಗೆ ಸೇರುತ್ತದೆ. ಹಾಗಾಗಿ ನಿಜವಾಗಿ ಕಾಣುವ ಸಾಲು: … 999783, 999864, 999946, 000027, 000108 … ಈ ಸಾಲಿನಲ್ಲಿ ಒಂದೇ ಒಂದು ಕಡೆ ಅಂತರ 81ರ ಬದಲು 82. ಈ ಮುರಿತ 12345ರ ಹತ್ತಿರವೇ ಬಿದ್ದದ್ದಕ್ಕೂ ಕಾರಣ ಉಂಟು. 1/81 = 0.012345679012345679…, ಹತ್ತು ಲಕ್ಷವನ್ನು 81ರಿಂದ ಭಾಗಿಸಿದರೆ 12345.679… ಮಹಾವೀರರ ಪಟ್ಟಿಯ 12345679 ಇಲ್ಲಿ ಎದುರಾಗುತ್ತದೆ. ಅದನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು, 81ರಿಂದ ಗುಣಿಸಿದರೆ ಒಂಬತ್ತು ಒಂಬತ್ತುಗಳು.

ಈ ದಶಮಾಂಶ ಯಾವಾಗ ಮರುಕಳಿಸುತ್ತದೆ ಎಂಬುದನ್ನು ಅವಿಭಾಜ್ಯಗಳಿಂದ ಲೆಕ್ಕ ಹಾಕಬೇಕು. 1/7ರ ಆವರ್ತ (ಮತ್ತೆ ಮತ್ತೆ ಬರುವ ಅಂಕಿಗಳ ಗುಂಪು) 6 ಅಂಕಿ, 1/49ರದ್ದು ಅದರ ಏಳರಷ್ಟು, 42. 1/11ರದ್ದು 2, 1/121ರದ್ದು 22. 1/13ರದ್ದು 6, 1/169ರದ್ದು 78. 1/37ರದ್ದು 3, 1/1369ರದ್ದು 111. ಅಂದರೆ ವರ್ಗಕ್ಕೆ ಹೋದಾಗ ಆವರ್ತ ಆ ಅವಿಭಾಜ್ಯದಷ್ಟು ಪಟ್ಟು ಬೆಳೆಯುತ್ತದೆ. 3 ಮಾತ್ರ ಹಾಗಲ್ಲ: 1/3ಕ್ಕೂ 1 ಅಂಕಿ, 1/9ಕ್ಕೂ 1 ಅಂಕಿ, ಏಕೆಂದರೆ 10 − 1 = 9ರಲ್ಲೇ 3² ಇದೆ. ಇದನ್ನು ಮರೆತು 3ಕ್ಕೂ ಮೂರು ಪಟ್ಟು ಕೊಟ್ಟರೂ 42ರಲ್ಲೇ 3 ಅಡಗಿರುವುದರಿಂದ ಇಲ್ಲಿ ಉತ್ತರ ಕೆಡುವುದಿಲ್ಲ, ಬೇರೆ ಸಂಖ್ಯೆಗಳಲ್ಲಿ ಕೆಡುತ್ತದೆ. 1, 42, 22, 78, 111ರ ಲ.ಸಾ.ಅ. ತೆಗೆದರೆ 2 × 3 × 7 × 11 × 13 × 37 = 222222. ಆವರ್ತದ ಉದ್ದವೂ 111111ರ ಎರಡರಷ್ಟು! ಆರಂಕಿಯ ತುಂಡುಗಳಲ್ಲಿ ಹೇಳಿದರೆ 37037 ತುಂಡು. 37037 × 81 = 2999997 = 3 × 999999, ಅಂದರೆ ಮಗ್ಗಿ ಮೂರು ಸುತ್ತು ಪೂರ್ತಿ ಸುತ್ತಿ ಶುರುವಾದ ಜಾಗಕ್ಕೆ ಬಂದು ಸೇರುತ್ತದೆ.

ಭಾಜಕಗಳ ವಿಷಯಕ್ಕೆ ಬಂದರೆ, ಐದು ಅವಿಭಾಜ್ಯಗಳೂ ಎರಡೆರಡು ಸಲ ಇರುವುದರಿಂದ ಭಾಜಕಗಳು 3 × 3 × 3 × 3 × 3 = 243. ಅವುಗಳ ಮೊತ್ತ ತೆಗೆಯಲು ಪ್ರತಿ ಅವಿಭಾಜ್ಯಕ್ಕೂ ‘ಒಂದು, ಅದು, ಅದರ ವರ್ಗ’ ಈ ಮೂರನ್ನು ಕೂಡಿಸಿ ಗುಣಿಸಬೇಕು: 13 × 57 × 133 × 183 × 1407 = 25375524993. ಸಂಖ್ಯೆಯ ಎರಡರಷ್ಟು 24691308642. ಮೊತ್ತ ಅದಕ್ಕಿಂತ 684216351 ಹೆಚ್ಚು. ಹೀಗೆ ಭಾಜಕಗಳ ಮೊತ್ತ ತನ್ನ ಎರಡರಷ್ಟನ್ನು ಮೀರಿದರೆ ಅದು ಸಮೃದ್ಧ ಸಂಖ್ಯೆ. ನಮ್ಮದು ಸಮೃದ್ಧ, ಅದೂ ಬೆಸ ಸಂಖ್ಯೆ. ಸಮ ಸಂಖ್ಯೆಗಳಲ್ಲಿ ಸಮೃದ್ಧವಾದವು ಹೆಜ್ಜೆಹೆಜ್ಜೆಗೂ ಸಿಗುತ್ತವೆ, ಬೆಸಗಳಲ್ಲಿ ಅಪರೂಪ. ಅವುಗಳಲ್ಲಿ ಅತಿ ಚಿಕ್ಕದೇ 945.

ಇಲ್ಲಿ ಗಮನಿಸಬೇಕಾದದ್ದು 37ರ ಪಾತ್ರ. ಅದನ್ನು ಬಿಟ್ಟು 3003² = 9018009 ತೆಗೆದುಕೊಂಡರೆ ಭಾಜಕಗಳ ಮೊತ್ತ 18035199, ಎರಡರಷ್ಟು 18036018. ಬರೀ 819 ಕಡಿಮೆ! 90 ಲಕ್ಷ ದಾಟಿದ ಸಂಖ್ಯೆಗೆ ಸಮೃದ್ಧಿ ಕೂದಲೆಳೆಯಲ್ಲಿ ತಪ್ಪಿದೆ. 37² ಸೇರಿದ ಮೇಲೆ ಗಡಿ ದಾಟುತ್ತದೆ. 111111 ಒಂದೇ ಆದರೂ ಸಾಲದು, ಅದರ ಭಾಜಕಗಳ ಮೊತ್ತ 4 × 8 × 12 × 14 × 38 = 204288, ಬೇಕಾದದ್ದು 222222. ವರ್ಗ ಮಾಡಿದಾಗಲೇ ಈ ಸಂಖ್ಯೆ ಸಮೃದ್ಧವಾಗುವುದು.

ಇವನ್ನೆಲ್ಲ ಕಂಪ್ಯೂಟರಿನಲ್ಲಿ ಪರೀಕ್ಷಿಸುವವರಿಗೆ ಕೆಲವು ಮಾತು. 111111 ಎಂಬುದು 32 ಬಿಟ್‌ನಲ್ಲಿ ಆರಾಮಾಗಿ ಕೂರುತ್ತದೆ, ಅದರ ವರ್ಗಕ್ಕೆ 34 ಬಿಟ್ ಬೇಕು. ಜಾವಾದಲ್ಲಿ ಮಾಮೂಲಿ ಪೂರ್ಣಾಂಕವಾಗಿ ಗುಣಿಸಿದರೆ −539247567 ಎಂಬ ಋಣ ಸಂಖ್ಯೆ ಬರುತ್ತದೆ. ಉತ್ತರವನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟರೆ ಸಾಲದು, ಗುಣಿಸುವ ಮೊದಲೇ ಒಂದನ್ನಾದರೂ 64 ಬಿಟ್‌ಗೆ ಬದಲಿಸಬೇಕು. ಎಕ್ಸೆಲ್‌ನಲ್ಲಿ 15 ಅಂಕಿಯವರೆಗೆ ಮಾತ್ರ ನಂಬಿಕೆ: ಎಂಟು ಒಂದುಗಳ ವರ್ಗ 123456787654321 ಸರಿಯಾಗಿ ಬರುತ್ತದೆ, ಒಂಬತ್ತಕ್ಕೆ ಹೋದರೆ 12345678987654300 ಎಂದು ತೋರಿಸುತ್ತದೆ. ಜಾವಾಸ್ಕ್ರಿಪ್ಟ್ ಅದನ್ನೇ 12345678987654320 ಎನ್ನುತ್ತದೆ, ಕೊನೆಯ 1 ಹೋಗಿ 0 ಆಗಿದೆ. ದಶಕದಿಂದ ಮಾದರಿ ಮುರಿಯುವುದು ಹತ್ತನೆಯ ಹಂತದಲ್ಲಿ. ಒಂಬತ್ತರಲ್ಲೇ ಮುರಿದದ್ದು ಕಂಡರೆ ತಪ್ಪು ಯಂತ್ರದ್ದು.

222222ರ ಆವರ್ತವನ್ನು ಖಚಿತಪಡಿಸಿಕೊಳ್ಳಲು ಅಷ್ಟೂ ಅಂಕಿ ಬರೆಸಬೇಕಾಗಿಲ್ಲ. 10ರ 222222ನೆಯ ಘಾತವನ್ನು 12345654321ರಿಂದ ಭಾಗಿಸಿದಾಗ ಶೇಷ 1 ಬರಬೇಕು. ಅದಕ್ಕಿಂತ ಚಿಕ್ಕ ಆವರ್ತ ಇಲ್ಲ ಎಂದು ತೋರಿಸಲು 222222ನ್ನು ಅದರ ಒಂದೊಂದು ಅವಿಭಾಜ್ಯದಿಂದ ಭಾಗಿಸಿ ಸಿಗುವ 111111, 74074, 31746, 20202, 17094, 6006 ಈ ಆರು ಘಾತಗಳಲ್ಲಿ ಯಾವುದಕ್ಕೂ ಶೇಷ 1 ಬರಬಾರದು. ಪೈಥಾನ್‌ನ ಘಾತದ ಆದೇಶಕ್ಕೆ ಆಧಾರ, ಘಾತ, ಭಾಜಕ ಮೂರನ್ನೂ ಒಟ್ಟಿಗೆ ಕೊಟ್ಟರೆ ತಕ್ಷಣ ಉತ್ತರ ಬರುತ್ತದೆ. ಸಿ ಭಾಷೆಯಲ್ಲಿ ಬರೆಯುವವರು ಮಾತ್ರ ಜೋಪಾನ: ನಡುವೆ ಎರಡು ಶೇಷಗಳನ್ನು ಗುಣಿಸುವಾಗ ಗುಣಲಬ್ಧ 68 ಬಿಟ್‌ವರೆಗೆ ಬೆಳೆಯುತ್ತದೆ, 64 ಬಿಟ್‌ನಲ್ಲಿ ಸದ್ದಿಲ್ಲದೆ ಕತ್ತರಿಸಿಹೋಗಿ ತಪ್ಪು ಶೇಷ ಕೊಡುತ್ತದೆ. 128 ಬಿಟ್‌ನ ಪೂರ್ಣಾಂಕ ಬಳಸಿ, ಇಲ್ಲವೇ ಪ್ರತಿ ಸಲ ಶೇಷವನ್ನು 10ರಿಂದಲೇ ಗುಣಿಸುತ್ತ 222222 ಹೆಜ್ಜೆ ನಡೆಸಿ, ಶೇಷ ಮೊದಲ ಬಾರಿಗೆ 1 ಆಗುವುದು ಯಾವ ಹೆಜ್ಜೆಯಲ್ಲಿ ಎಂದು ನೋಡಿ.